ನೋಟಿನ ಅಂಚಿನ ಮೊಂಡುಗೊಂಬು

ನಮ್ಮ ಊರಿನಲ್ಲಿ ನೋಟನ್ನು ಯಾರೂ ಸುಮ್ಮನೆ ಕೊಡುವುದಿಲ್ಲ. ಕೊಡುವವರು ಅದರ ಮೇಲಿರುವ ಮುಖದ ಬಗ್ಗೆ ಒಂದು ಮಾತು ಹೇಳಿಯೇ ಕೊಡಬೇಕು. ತೆಗೆದುಕೊಳ್ಳುವವರು ಅದನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಾತಿಲ್ಲದೆ ಕೈ ಬದಲಿಸಿದ ನೋಟಿನ ಮುಖ ಮಂಕಾಗುತ್ತದೆ. ಹಾಗೆಯೇ ಬಿಟ್ಟರೆ ಅಳಿಸಿಹೋಗುತ್ತದೆ. ಮುಖವಿಲ್ಲದ ನೋಟಿಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಬರುವುದಿಲ್ಲ. ಇನ್ನೊಂದು ಸಂಗತಿಯೂ ಉಂಟು: ಹೇಳಿದ ಮಾತು ಮುಖಕ್ಕೆ ಅಂಟಿಕೊಳ್ಳುತ್ತದೆ. ಉದಾರಿ ಎಂದು ಮನಸಾರೆ ಹೇಳಿದರೆ ಮುಖ ಅರಳುತ್ತದೆ. ಜಿಪುಣನೆಂದರೆ ತುಟಿ ಬಿಗಿಯುತ್ತದೆ. ನಮ್ಮದು ಒಂದೇ ಊರಿನ ದೇಶ. ನಮ್ಮ ನೋಟು ನಮ್ಮ ಕೋಟೆಗೋಡೆಯ ಆಚೆ ನಡೆಯುವುದಿಲ್ಲ; ಆದ್ದರಿಂದ ಅದರ ಮೇಲೆ ಯಾರಿರಬೇಕೆಂಬುದು ನಮಗೆ ಮನೆಗೆ ಹಿರಿಯರು ಯಾರೆಂದು ಕೇಳಿದಷ್ಟು ದೊಡ್ಡ ಪ್ರಶ್ನೆ.

ನನ್ನ ಅಜ್ಜಿ ನೋಟಿನ ಮೇಲೆ ಬಂದ ದಿನದ ಕಥೆಯನ್ನು ಈಗ ಹೇಳುತ್ತೇನೆ. ಬೇರೆಯವರೂ ಇದನ್ನು ಹೇಳುತ್ತಾರೆ, ಆದರೆ ಅವರ ವಾಕ್ಯಗಳಲ್ಲಿ ಕರ್ತೃ ಒಂದು ಕಡೆ, ಕ್ರಿಯಾಪದ ಒಂದು ಕಡೆ. ನಾನು ಬದುಕಿನುದ್ದಕ್ಕೂ ಈ ಊರಿನ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸಿದವಳು. ನನ್ನ ಹೆಸರು ಅಂಬುಜಮ್ಮ.

ಅದಕ್ಕೆ ಮೊದಲು ನೋಟಿನ ಮೇಲಿದ್ದವರು ಗಜಕೇಸರಿ ಮಹಾರಾಜರು. ಅವರ ಬಗ್ಗೆ ನಿಜವಾಗಿ ಗೊತ್ತಿದ್ದ ಸಂಗತಿಗಳು ಬಹಳ ಕಡಿಮೆ. ಕೆರೆ ಕಟ್ಟಿಸಿದರು, ಆನೆ ಸಾಕಿದರು, ಒಂದು ಯುದ್ಧ ಗೆದ್ದರು. ಅಷ್ಟು ಹೇಳಿ ಹೇಳಿ ಊರಿಗೆ ಬೇಸರ ಬಂತು, ಮಹಾರಾಜರೂ ಮಂಕಾದರು. ಆಗ ಜನ ತಮಗೆ ತೋಚಿದ್ದನ್ನು ಸೇರಿಸತೊಡಗಿದರು. ಮೀನಿನ ಬೀದಿಯವರು, ಮಹಾರಾಜರು ಮೀನಿಲ್ಲದೆ ತುತ್ತು ಎತ್ತುತ್ತಿರಲಿಲ್ಲ ಎಂದರು. ಅಲ್ಲಿಯ ನೋಟುಗಳಲ್ಲಿ ಅವರ ಕೆನ್ನೆ ಉಬ್ಬಿ ತುಟಿ ಎಣ್ಣೆಯಿಂದ ಮಿನುಗಿತು. ಗುಡಿಬೀದಿಯವರು, ಮಹಾರಾಜರದು ಬರೀ ಫಲಾಹಾರ ಎಂದರು. ಅಲ್ಲಿ ಕೆನ್ನೆ ಒಳಗೆ ಹೋಗಿ ಕೊರಳಿಗೆ ಮಣಿಮಾಲೆ ಬಂತು. ಗರಡಿಯವರು ಅವರನ್ನು ಪೈಲ್ವಾನರನ್ನಾಗಿ ಮಾಡಿ ಕಿವಿಯನ್ನೇ ಮುದುಡಿಸಿಬಿಟ್ಟರು. ಕೊನೆಗೆ ಒಂದು ಬೀದಿಯ ಮಹಾರಾಜರು ಇನ್ನೊಂದು ಬೀದಿಯಲ್ಲಿ ನಡೆಯದಂತಾದರು. ತರಕಾರಿ ಮಾರುವ ತಾಯಮ್ಮ ಒಂದು ದಿನ ಗುಡಿಬೀದಿಯ ನೋಟನ್ನು ಬೆಳಕಿಗೆ ಹಿಡಿದು ನೋಡಿ, "ಇವರು ಮಹಾರಾಜ್ರಲ್ಲ ಕಣ್ರಪ್ಪ, ಯಾರೋ ಉಪವಾಸ ಬಿದ್ದಿರೋರು. ಮೊದ್ಲು ಊಟಕ್ಕಿಕ್ಕಿ, ಆಮೇಲೆ ತನ್ನಿ" ಎಂದು ಹಿಂದಕ್ಕೆ ಕೊಟ್ಟಳು.

ಹೀಗಾಗಿ ಊರಿನ ಸಭೆ ಹೊಸ ಮುಖವನ್ನು ಆರಿಸಬೇಕಾಯಿತು. ಸಭೆಯ ಅಧ್ಯಕ್ಷರಾದ ಸೋಮಶೇಖರಯ್ಯನವರು ಮಿತಭಾಷಿಗಳು, ನೋಡಿ ನಿರ್ಣಯಿಸುವವರು. ಕಣದಲ್ಲಿ ಉಳಿದವರು ಇಬ್ಬರು. ಒಬ್ಬರು ದಳವಾಯಿ ಕೆಂಚರಾಯ, ಹಿಂದೊಮ್ಮೆ ಶತ್ರುಸೈನ್ಯವನ್ನು ಹೊಳೆಯ ತನಕ ಅಟ್ಟಿದ ವೀರ. ಅವರ ಪರವಾಗಿ ನಿಂತವನು ಜವಳಿ ಅಂಗಡಿಯ ರಾಚಪ್ಪ. ತಾನು ದಳವಾಯಿಯ ವಂಶದವನೆಂದು ಅಂಗಡಿಯ ಫಲಕದಲ್ಲೇ ಬರೆಸಿಕೊಂಡವನು; ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಇನ್ನೊಬ್ಬರು ನನ್ನ ಅಜ್ಜಿ, ಚೆಲುವಾಜಮ್ಮನವರು.

ನನ್ನ ಅಜ್ಜ ಕೋಟೆಯ ಹೆಬ್ಬಾಗಿಲು ಕಾಯುತ್ತಿದ್ದವರು. ಅಜ್ಜಿ ಇನ್ನೂ ಚಿಕ್ಕ ವಯಸ್ಸಿನವರಾಗಿದ್ದಾಗ ಹೊಳೆ ಉಕ್ಕಿ ಸುತ್ತಲಿನ ಹಳ್ಳಿಗಳೆಲ್ಲ ಕೊಚ್ಚಿಹೋದವು. ಬದುಕಿ ಉಳಿದವರು ನಮ್ಮ ಕೋಟೆಯ ಮುಂದೆ ಬಂದು ನಿಂತರು. ಕಣಜದಲ್ಲಿದ್ದ ಧಾನ್ಯ ಒಳಗಿನವರಿಗೇ ಸಾಲದೆಂದು ಆಗಿನ ಹಿರಿಯರು ಬಾಗಿಲು ಹಾಕಿಸಿದರು. ಆ ಬಾಗಿಲನ್ನು ತೆಗೆದವರು ನನ್ನ ಅಜ್ಜಿ. ಇವತ್ತು ಊರಿನ ಅರ್ಧ ಜನ ಹಾಗೆ ಒಳಗೆ ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ಸಭಾಭವನದಲ್ಲಿ ಅಜ್ಜಿಯ ಚಿತ್ರವಿದೆ: ಬಿಳಿಯ ಸೀರೆ, ಮುಚ್ಚಿದ ತುಟಿ, ನೇರ ನೋಟ. ನಾಲ್ಕನೆಯ ತರಗತಿಯ ಪುಸ್ತಕದಲ್ಲಿ ಅವರ ಮೇಲೆ ಒಂದು ಪಾಠವಿದೆ. ಅದನ್ನು ಬರೆದವಳು ನಾನು. ಅದರ ಮೊದಲ ವಾಕ್ಯ ಹೀಗಿದೆ: "ಕರುಣೆಯ ಕಡಲೂ ಧೈರ್ಯದ ಮೇರುವೂ ಆದ ಚೆಲುವಾಜಮ್ಮನವರು, ನಿರಾಶ್ರಿತರ ಆಕ್ರಂದನಕ್ಕೆ ಓಗೊಟ್ಟು, ತಮ್ಮ ಕರಕಮಲಗಳಿಂದ ಊರ ಹೆಬ್ಬಾಗಿಲನ್ನು ತೆರೆದರು." ಆ ವಾಕ್ಯದಿಂದ ಒಂದು ಅಕ್ಷರವನ್ನು ತೆಗೆಯಲಾಗಲಿ, ಸೇರಿಸಲಾಗಲಿ ಇವತ್ತಿಗೂ ಸಾಧ್ಯವಿಲ್ಲ. ಊರಿನಲ್ಲಿ ಅದನ್ನು ಬಾಯಿಪಾಠ ಮಾಡದೆ ಐದನೆಯ ತರಗತಿಗೆ ಹೋದವರಿಲ್ಲ.

ಆಯ್ಕೆಯ ಕ್ರಮ ಸರಳ. ಇಬ್ಬರ ಮುಖವನ್ನೂ ಪರೀಕ್ಷೆಗೆಂದು ಅಚ್ಚು ಹಾಕಿ ಸಂತೆಯ ದಿನ ಬಿಡುತ್ತಾರೆ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಆ ನೋಟುಗಳು ಊರೆಲ್ಲ ತಿರುಗುತ್ತವೆ. ಸಂಜೆ ಸುಂಕದ ಕಟ್ಟೆಯ ಮೇಲೆ ಸಭೆ ಸೇರಿ, ಯಾರ ಮುಖ ಎಲ್ಲ ಬೀದಿಗಳಲ್ಲೂ ಒಂದೇ ಆಗಿ, ಸ್ಪಷ್ಟವಾಗಿ ಉಳಿದಿದೆಯೋ ಅವರನ್ನು ಒಪ್ಪುತ್ತದೆ. ಅಳಿಸಿಹೋದ ಮುಖವನ್ನು ಮತ್ತೆಂದೂ ಅಚ್ಚಿಗೆ ಹಾಕುವಂತಿಲ್ಲ. ಅಜ್ಜಿಗೆ ಇದ್ದದ್ದು ಆ ಒಂದು ದಿನ ಮಾತ್ರ.

ಸಂತೆಯ ದಿನ ಬೆಳಿಗ್ಗೆ ನಾನು ಜರಿಯಂಚಿನ ಸೀರೆ ಉಟ್ಟು, ಕೈಚೀಲ ಹಿಡಿದು ಹೊರಟೆ. ಕಾಫಿ ಹೋಟೆಲಿನ ಮುಂದೆ ಬಂದಾಗ ಒಳಗಿನಿಂದ ನನ್ನದೇ ವಾಕ್ಯ ಕೇಳಿಸಿತು. ನೋಟು ಕೊಡುತ್ತಿದ್ದವನು "ಕರುಣೆಯ ಕಡಲೂ" ಎಂದು ಆರಂಭಿಸಿದ್ದೇ ತಡ, ಇಡ್ಲಿ ತಿನ್ನುತ್ತಿದ್ದವರೆಲ್ಲ ಸೇರಿ ಅದನ್ನು "ತೆರೆದರು" ಎನ್ನುವ ತನಕ ಮುಗಿಸಿದರು. ಬೀದಿ ಬೀದಿಯಲ್ಲೂ ಅದೇ. ಗಡ್ಡಕ್ಕೆ ನರೆ ಬಂದವರು ನನ್ನನ್ನು ಕಂಡು ಕೈಕಟ್ಟಿ ನಿಂತು, ತಪ್ಪಿಲ್ಲದೆ ಒಪ್ಪಿಸಿದರು. ಎದೆ ಹಿಗ್ಗಿತೆಂದರೆ ಅದು ಉತ್ಪ್ರೇಕ್ಷೆಯಲ್ಲ. ಅಜ್ಜಿ ಗೆದ್ದಾಯಿತೆಂದೇ ತಿಳಿದೆ. ಮಾಮೂಲು ಮಾತು ಸವೆಯುತ್ತದೆ ನಿಜ. ಆದರೆ ಒಳ್ಳೆಯ ವಾಕ್ಯ ಸವೆಯುವುದಿಲ್ಲವೆಂದು ನಾನು ನಂಬಿದ್ದೆ.

ಬಿಸಿಲು ಏರಿದ ಮೇಲೆ ತಾಯಮ್ಮ ತಕ್ಕಡಿ ಕೆಳಗಿಟ್ಟು ನನ್ನನ್ನು ಕರೆದಳು. "ಅಂಬುಜಮ್ನೋರೆ, ಬನ್ನಿ ಇಲ್ಲಿ. ನಿಮ್ಮಜ್ಜಿ ಮೂಗು ಹೋಯ್ತು."

ನೋಡಿದೆ. ಮೂಗಿದ್ದ ಕಡೆ ಬರೀ ಕಾಗದ. ಕಣ್ಣೂ ಮಸುಕಾಗಿತ್ತು.

"ನೀನು ಸರಿಯಾಗಿ ಹೇಳಿರಲಿಕ್ಕಿಲ್ಲ. ಕರಕಮಲಗಳಿಂದ ಅನ್ನಬೇಕು."

"ಕರಕಮಲನೇ ಅಂದೆ ಕಣಮ್ಮ. ಅದೇನು ಹಂಗಂದ್ರೆ?"

"ಕೈ."

"ಕೈ ಅಂದಿದ್ರೆ ಆಗ್ತಿರ್ಲಿಲ್ವಾ? ಪಾಪ, ಮೂಗಾದ್ರೂ ಉಳೀತಿತ್ತು."

ನಾನು ಅಂಗಡಿಯಿಂದ ಅಂಗಡಿಗೆ ಓಡಿದೆ. ಎಲ್ಲ ಕಡೆಯೂ ಅಜ್ಜಿ ಕರಗುತ್ತಿದ್ದರು. ನನ್ನ ಹಳೆಯ ವಿದ್ಯಾರ್ಥಿಗಳನ್ನು ತಡೆದು ತಡೆದು, "ಬೇರೆ ಏನಾದರೂ ಹೇಳಿ" ಎಂದು ಬೇಡಿದೆ. "ಪಾಠದಲ್ಲಿ ಅಷ್ಟೇ ಇತ್ತಲ್ಲ ಟೀಚರ್" ಎಂದ ಒಬ್ಬ. "ಬೇರೆ ಬರೆದ್ರೆ ನೀವೇ ಮಾರ್ಕು ಕಳೀತಿದ್ರಿ" ಎಂದ ಇನ್ನೊಬ್ಬ.

ಆ ಕಡೆ ದಳವಾಯಿಯ ಮುಖ ದಿನವೇರಿದಂತೆ ಢಾಳಾಗುತ್ತಿತ್ತು. ರಾಚಪ್ಪ ಅಂಗಡಿಯ ಮುಂದೆ ತಮಟೆಯವರನ್ನು ಕೂರಿಸಿ, ಬಂದವರಿಗೆಲ್ಲ ಒಂದೊಂದು ರುಂಡ ಚೆಂಡಾಡಿದ ಕಥೆ ಹೇಳಿ ಕಳಿಸುತ್ತಿದ್ದ. ದಳವಾಯಿಯ ಕಣ್ಣು ಕೆಂಪಾಗಿ, ಮೀಸೆ ನೋಟಿನ ಅಂಚನ್ನು ಮುಟ್ಟಿತ್ತು. ಹೊಗೆಸೊಪ್ಪಿನ ಅಂಗಡಿಯವನು ಆ ನೋಟನ್ನು ಬೋರಲು ಹಾಕಿಕೊಂಡೇ ವ್ಯಾಪಾರ ಮಾಡುತ್ತಿದ್ದ. "ದುರುಗುಟ್ಕೊಂಡು ನೋಡ್ತಾನೆ ಟೀಚರ್, ತೂಕ ಹಾಕೋಕೇ ಕೈ ನಡುಗ್ತದೆ" ಎಂದ. ಆದರೂ ಮುಖ ಮಾತ್ರ ಕೆತ್ತಿದ ಹಾಗೆ ಸ್ಪಷ್ಟ. ಇದೇ ನೋಟು ಊರಿಗೆ ಬಂದರೆ ಮುಂದೆ ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಆ ಕೆಂಪು ಕಣ್ಣು ಇರುತ್ತದೆ.

ಬಳೆ ಅಂಗಡಿಯ ಸಿದ್ದವೀರಯ್ಯನ ಹತ್ತಿರ ಬಂದಾಗ ನನಗೆ ನಿಲ್ಲಲೂ ಶಕ್ತಿ ಇರಲಿಲ್ಲ. ಕೂತುಕೊಳ್ಳಲು ಒಂದು ನೆಪ ಬೇಕೆಂದು ಗಾಜಿನ ಬಳೆ ಕೊಂಡೆ. ಅವನು ಚಿಲ್ಲರೆಯೆಂದು ಅಜ್ಜಿಯದೇ ಒಂದು ನೋಟು ಹಿಡಿದ. ಹೇಳಲು ಬಾಯಿ ತೆರೆದವನು, ಆ ದೊಡ್ಡ ವಾಕ್ಯ ನಾಲಿಗೆಗೆ ಸಾಕಾಗಿತ್ತೋ ಏನೋ, ಕಣ್ಣು ಮಿಟುಕಿಸಿ ಬೇರೆಯೇ ಹೇಳಿದ: "ನಿಮ್ಮಜ್ಜಿ ಚೌಕಾಬಾರದಲ್ಲಿ ಕವಡೆ ತಿರುಗಿಸಿ ಮೋಸ ಮಾಡೋರಂತೆ. ನಮ್ಮಪ್ಪ ಬಳೆ ತೊಡಿಸೋಕೆ ಹೋದವ್ರು ಸೋತು, ಬಳೇನೂ ಬಿಟ್ಟು ಬರೋರಂತೆ."

ನನಗೆ ಸಿಟ್ಟು ನೆತ್ತಿಗೇರಿತು. "ಯಾರ ವಿಷಯ ಮಾತಾಡ್ತಿದ್ದೀಯ, ಗೊತ್ತೇನಯ್ಯ?"

"ನೋಟು ನೋಡಿ ಟೀಚರ್" ಎಂದ ಅವನು.

ಮೂಗು ಬಂದಿತ್ತು. ಮೂಗಿನ ಜೊತೆಗೆ ಎಡಗೆನ್ನೆ ಸ್ವಲ್ಪ ಉಬ್ಬಿತ್ತು, ಒಳಗೆ ಎಲೆಅಡಿಕೆ ಇಟ್ಟುಕೊಂಡಿದ್ದಾಗ ಉಬ್ಬುವ ಹಾಗೆ. ಸಭಾಭವನದ ಚಿತ್ರದಲ್ಲಿ ಅದಿಲ್ಲ. ಆದರೆ ನಾನು ಮಲಗುತ್ತಿದ್ದ ಮಡಿಲಿನಿಂದ ತಲೆಯೆತ್ತಿ ನೋಡಿದರೆ ಕಾಣುತ್ತಿದ್ದದ್ದು ಅದೇ ಕೆನ್ನೆ. ಕವಡೆಯ ಮಾತೂ ನಿಜ; ನಾನೇ ಎಷ್ಟೋ ಸಲ ಸೋತು ಅತ್ತಿದ್ದೇನೆ.

ಅಲ್ಲಿಂದ ಎದ್ದವಳಿಗೆ ವಯಸ್ಸು ನೆನಪಾಗಲಿಲ್ಲ. ಹೇಳಬೇಕಾದರೆ ಕೊಡಬೇಕು, ಕೊಡಬೇಕಾದರೆ ಕೊಳ್ಳಬೇಕು. ಬೇಡವಾದದ್ದನ್ನೆಲ್ಲ ಕೊಂಡೆ. ಬಾಚಣಿಗೆ ಕೊಂಡು, ಅಜ್ಜಿ ಗಂಡಸರಿಗಿಂತ ಜೋರಾಗಿ ಸಿಳ್ಳೆ ಹೊಡೆಯುತ್ತಿದ್ದರೆಂದೆ. ಜರಡಿ ಕೊಂಡು, ಹಲ್ಲಿ ಕಂಡರೆ ಒರಳಿನ ಮೇಲೆ ಹತ್ತಿ ನಿಲ್ಲುತ್ತಿದ್ದರೆಂದೆ. ಮೊರ ಕೊಂಡು, ಮಡಿಲಿನಲ್ಲಿ ಬೆಲ್ಲ ಬಚ್ಚಿಟ್ಟು ಏಕಾದಶಿಯ ದಿನವೂ ಮೆಲ್ಲುತ್ತಿದ್ದರೆಂದೆ. ಇಲಿಬೋನು ಮಾರುವವನು ನೋಟು ತೆಗೆದುಕೊಂಡು, "ನಿಮ್ಮಜ್ಜಿ ನಮ್ಮಜ್ಜಿ ತರಾನೇ ಅವ್ರಲ್ಲ" ಎಂದು ನಕ್ಕು, ಅದನ್ನು ಪಕ್ಕದವನಿಗೆ ದಾಟಿಸುವಾಗ ತಾನೇ ಸಿಳ್ಳೆ ಹಾಕಿ ತೋರಿಸಿದ. ನಾನು ಒಂದು ಬೀದಿ ದಾಟುವಷ್ಟರಲ್ಲಿ ಬೆಲ್ಲದ ಕಥೆ ನನಗಿಂತ ಮುಂದೆ ಹೋಗಿ ಎಣ್ಣೆ ಗಾಣದ ಹತ್ತಿರ ಕಾಯುತ್ತಿತ್ತು. ಕೆನ್ನೆ ಬಂತು, ಗಲ್ಲ ಬಂತು, ತುಟಿಯ ಮೇಲೆ ತಡೆದಿಟ್ಟ ನಗು ಬಂತು.

ಕಣ್ಣು ಮಾತ್ರ ಬರಲಿಲ್ಲ.

ಏಕೆ ಬರಲಿಲ್ಲವೆಂದು ನನಗೆ ತಿಳಿದಿತ್ತು. ಊರು ಅಜ್ಜಿಯನ್ನು ಆರಿಸಹೊರಟದ್ದು ಬೆಲ್ಲಕ್ಕಾಗಿ ಅಲ್ಲ, ಬಾಗಿಲಿಗಾಗಿ. ಆ ಬಾಗಿಲಿನ ಬಗ್ಗೆ ಅಜ್ಜಿ ನನಗೊಬ್ಬಳಿಗೇ ಹೇಳಿದ ಮಾತೊಂದಿತ್ತು. ಅದನ್ನು ಹೇಳಿದರೆ ಕಣ್ಣು ಬರಬಹುದು. ಆದರೆ ಕೇಳಿದ ಸಭೆ, ಇವರು ಯಾವ ಸೀಮೆಯ ಧೀರೆ ಎಂದು ಎದ್ದುಹೋಗಲೂಬಹುದು. ಹೇಳದಿದ್ದರೆ ಕಣ್ಣಿಲ್ಲದ ಮುಖ ಕಟ್ಟೆಗೆ ಹೋಗುತ್ತದೆ. ಬಿಸಿಲು ಆಗಲೇ ಗೋಡೆಯ ಮೇಲೇರಿತ್ತು. ಉಳಿದಿದ್ದ ಅಂಗಡಿ ಒಂದೇ, ರಾಚಪ್ಪನದು.

ತಮಟೆಯವರು ನನ್ನನ್ನು ಕಂಡು ನಿಲ್ಲಿಸಿದರು. ರಾಚಪ್ಪ ಗಾದಿಯಿಂದ ಎದ್ದು ನಿಂತ, ಎಷ್ಟಾದರೂ ಟೀಚರ್.

"ಬನ್ನಿ ಟೀಚರ್, ಬನ್ನಿ. ಏನು, ಸಂತೆ ಪೂರ್ತಿ ಹೊತ್ಕೊಂಡೇ ಬಂದಿದ್ದೀರಿ? ಇಲಿಬೋನು ಯಾರಿಗೆ?"

"ಸಿಕ್ಕಿದವರಿಗೆ. ಒಂದು ಪಂಚೆ ಕೊಡು."

"ಪಂಚೆ ಯಾರಿಗೆ?"

"ಅದು ನಿನಗ್ಯಾಕಪ್ಪ? ಕೊಡು ಅಂದೆ."

ಅವನು ನಗುತ್ತ ಪಂಚೆ ಕೊಟ್ಟ. ನಾನು ಅಜ್ಜಿಯ ಒಂದು ನೋಟು ಹಿಡಿದು, ಅಂಗಡಿಯ ಒಳಗೂ ಹೊರಗೂ ಇದ್ದವರಿಗೆಲ್ಲ ಕೇಳುವ ಹಾಗೆ, ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲಿ ಹೇಳಿದೆ. "ನಮ್ಮಜ್ಜಿ ಬಾಗಿಲು ತೆಗೆದದ್ದು ಯಾರ ಕೂಗಿಗೂ ಅಲ್ಲ. ಅವರ ಎಮ್ಮೆ ಕೋಟೆಯ ಆಚೆ ಉಳಿದುಬಿಟ್ಟಿತ್ತು. ಅದನ್ನು ಹೊಡೆದುಕೊಂಡು ಬರೋಣ ಅಂತ, ಅಜ್ಜ ಊಟಕ್ಕೆ ಕೂತಿದ್ದಾಗ ಬೀಗದ ಕೈ ಎತ್ತಿಕೊಂಡು ಹೋಗಿ ತೆಗೆದರು. ತೆಗೆದರೆ ಎದುರಿಗೆ ಅಷ್ಟು ಜನ. ನನ್ನ ಹತ್ತಿರ ಹೇಳುತ್ತಿದ್ದರು: 'ತೆಗೆಯೋದೇನು ದೊಡ್ಡದಲ್ಲ ಮಗಾ. ಅಷ್ಟು ಮುಖ ನೋಡಿದ ಮೇಲೆ ಮುಚ್ಚೋದಿಕ್ಕೆ ಆಗಲಿಲ್ಲ.'"

ಯಾರಾದರೂ ನಗುತ್ತಾರೆಂದು ಕಾದೆ. ರಾಚಪ್ಪ ನೋಟು ತೆಗೆದುಕೊಂಡ, ಗಲ್ಲಾಪೆಟ್ಟಿಗೆಗೆ ಹಾಕಲಿಲ್ಲ. ಚಿಲ್ಲರೆ ಕೊಡಬೇಕೆಂದು ಅಜ್ಜಿಯದೇ ಇನ್ನೊಂದು ಸಣ್ಣ ನೋಟನ್ನು ತೆಗೆದ. ಕೊಡುವ ಸರದಿ ಅವನದು, ಹೇಳುವ ಸರದಿಯೂ ಅವನದೇ. ಹೇಳುವ ಬದಲು ದನಿ ತಗ್ಗಿಸಿ ಕೇಳಿದ:

"ಎಮ್ಮೆಗೆ ಒಂದು ಕೊಂಬು ಮೊಂಡಾಗಿತ್ತಾ ಟೀಚರ್?"

ನನ್ನ ಕೈಯಲ್ಲಿದ್ದ ಇಲಿಬೋನು ಕೆಳಗೆ ಬಿತ್ತು. "ಬಲಗೊಂಬು. ನಿನಗೆ ಹೇಗೆ ಗೊತ್ತು?"

"ನಮ್ಮ ಮನೇಲಿ ಒಂದು ಮಾತಿದೆ. ಹೊರಗೆ ಹೇಳೋದಿಲ್ಲ." ಅವನು ಗಾದಿಯ ಅಂಚಿಗೆ ಕೂತ. "ನಮ್ಮ ತಾತ ಆಗ ಕೈಗೂಸು. ಗೋಡೆ ಆಚೆ ಇದ್ದೋರಲ್ಲಿ ಅವರೂ ಒಬ್ಬರು. ತಾಯಿಗೆ ಎದೆಹಾಲು ಬತ್ತಿಹೋಗಿತ್ತಂತೆ. ಎಲ್ಲಿಂದಲೋ ಒಂದು ಮೊಂಡುಗೊಂಬಿನ ಎಮ್ಮೆ ಮೇಯ್ತಾ ಬಂತಂತೆ. ಯಾರದು, ಎತ್ತ, ಏನೂ ಕೇಳದೆ ಹಿಂಡಿ, ಮಗೂಗೆ ಕುಡಿಸಿದ್ರು. ಕುಡಿಸಿ ಮುಗಿಸೋ ಹೊತ್ತಿಗೆ ಬಾಗಿಲು ತೆರೀತು. ಒಬ್ಬ ಹೆಂಗಸು ನಿಂತಿದ್ಲು. ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ. 'ನಮ್ಮ ಎಮ್ಮೆ ಕಂಡ್ರಾ?' ಅಂದ್ಲಂತೆ."

ಯಾರೋ ಕಿಸಕ್ಕೆಂದರು. ರಾಚಪ್ಪನಿಗೂ ನಗು ತಡೆಯಲಿಲ್ಲ. ಕಣ್ಣಿನಲ್ಲಿ ಮಾತ್ರ ನೀರು. "ನಮ್ಮ ಮುತ್ತಜ್ಜಿ ಹಾಲಿನ ಚೆಂಬನ್ನ ಸೆರಗಿನಲ್ಲಿ ಮುಚ್ಕೊಂಡು, ಇಲ್ಲ ತಾಯಿ ಅಂದುಬಿಟ್ರಂತೆ. ಆ ಹೆಂಗಸು ಇವರ ಮುಖ ನೋಡಿ, ಮಗೂನ ನೋಡಿ, ಬಾಗಿಲು ಪೂರ್ತಿ ತಳ್ಳಿ ಪಕ್ಕಕ್ಕೆ ಸರಿದು ನಿಂತ್ಲು. ಹಂಗೆ ಒಳಗೆ ಬಂದ್ವಿ. ಕದ್ದು ಬಂದೋರ ಹಂಗೆ ಅನ್ನಿಸಿತ್ತೋ ಏನೋ, ಆಮೇಲೆ ನಾವು ಎಲ್ಲಿಂದ ಬಂದೋರು ಅಂತಾನೇ ಯಾರೂ ಹೇಳಲಿಲ್ಲ."

ಸಾಯುವ ತನಕ ಅಜ್ಜಿ ಒಂದು ಮಾತು ಗೊಣಗುತ್ತಿದ್ದರು: ಅವತ್ತು ಸಂಜೆ ಎಮ್ಮೆ ತಾನಾಗಿಯೇ ಕೊಟ್ಟಿಗೆಗೆ ಬಂತು, ಆದರೆ ಒಂದು ತೊಟ್ಟು ಹಾಲು ಕೊಡಲಿಲ್ಲ, ಯಾಕೆಂದು ಇವತ್ತಿಗೂ ತಿಳಿಯಲಿಲ್ಲ. ನಾನು ಅದನ್ನು ಮುದುಕಿಯ ಹಳಹಳಿಕೆಯೆಂದುಕೊಂಡಿದ್ದೆ. ಆ ಹಾಲು ನನ್ನ ಎದುರಿಗೆ, ಜರಿ ರುಮಾಲು ಸುತ್ತಿಕೊಂಡು ಕೂತಿತ್ತು.

ಹೊರಗಿನಿಂದ ಯಾರೋ ಕೇಳಿದರು: "ಹಂಗಾದ್ರೆ ಸಾಹುಕಾರ್ರೆ, ನೀವು ದಳವಾಯಿ ವಂಶ ಅಲ್ವಾ?"

ರಾಚಪ್ಪ ತನ್ನ ಅಂಗಡಿಯ ಫಲಕವನ್ನೊಮ್ಮೆ ನೋಡಿದ. "ಅಲ್ಲ ಕಣಯ್ಯ. ನಾವು ಎಮ್ಮೆ ವಂಶ" ಎಂದು ನೋಟನ್ನು ನನ್ನ ಕೈಗಿಟ್ಟ.

ಕಣ್ಣು ಬಂದಿತ್ತು. ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳುವುದು ನನ್ನಂಥವಳಿಗೂ ಕಷ್ಟ. ಕೇಳಿದ್ದವರು ಓಡಿದರು. ಗೋಡೆಯ ಆಚೆಯಿಂದ ಬಂದ ಮನೆಗಳಲ್ಲೆಲ್ಲ ಇಂಥದೊಂದು ಬಚ್ಚಿಟ್ಟ ಮಾತು ಇದ್ದೇ ಇತ್ತು. ಒಬ್ಬ ಬಾಯಿ ಬಿಟ್ಟನೆಂದು ಎಲ್ಲರೂ ಬಿಟ್ಟರು. ಹಾಲಿನಲ್ಲಿ ತಮ್ಮವರಿಗೂ ಒಂದು ಗುಟುಕು ಸಿಕ್ಕಿತ್ತೆಂದು ಇಲಿಬೋನಿನವನು ಹೇಳಿದ. ಒಳಗೆ ಬಂದವರಿಗೆ ಅಜ್ಜಿ ಮೊದಲು ಕೊಟ್ಟದ್ದು ಅನ್ನವಲ್ಲ, ಕಾಲು ತೊಳೆದುಕೊಳ್ಳಿರೆಂಬ ಬೈಗುಳ ಎಂದು ತಾಯಮ್ಮ ತನ್ನ ಅತ್ತೆಯಿಂದ ಕೇಳಿದ್ದನ್ನು ಹೇಳಿದಳು. ಜನ ಹೇಳುವುದಕ್ಕಾಗಿಯೇ ಕೊಂಡರು. ದೀಪ ಹಚ್ಚುವ ಹೊತ್ತಿಗೆ ಸಂತೆಯಲ್ಲಿ ಒಂದು ಬದನೆಕಾಯಿಯೂ ಉಳಿದಿರಲಿಲ್ಲ.

ಸುಂಕದ ಕಟ್ಟೆಯ ಮೇಲೆ ಸೋಮಶೇಖರಯ್ಯನವರು ಮೊದಲು ದಳವಾಯಿಯ ನೋಟನ್ನು ನೋಡಿದರು, ಕೆಳಗಿಟ್ಟರು. ಆಮೇಲೆ ಮೀನಿನ ಬೀದಿಯಿಂದ ಒಂದು, ಗುಡಿಬೀದಿಯಿಂದ ಒಂದು, ಗರಡಿಯ ಹತ್ತಿರದಿಂದ ಒಂದು, ಹೀಗೆ ಅಜ್ಜಿಯ ನೋಟುಗಳನ್ನು ಸಾಲಾಗಿ ಇಡಿಸಿದರು. ಎಲ್ಲದರಲ್ಲೂ ಒಂದೇ ಕೆನ್ನೆ, ಒಂದೇ ನಗು, ಒಂದೇ ಕಣ್ಣು. ಎಲ್ಲದರ ಅಂಚಿನಲ್ಲೂ ಎರಡು ಕೊಂಬು, ಎಡಗಡೆಯದು ಬಾಗಿದ್ದು, ಬಲಗಡೆಯದು ಮೊಂಡು.

"ಇದನ್ನ ನಾವು ಅಚ್ಚು ಹಾಕಿಸಿರಲಿಲ್ಲವಲ್ಲ" ಎಂದರು ಅಧ್ಯಕ್ಷರು.

"ಅದು ಎಮ್ಮೆ, ಸ್ವಾಮಿ" ಎಂದ ರಾಚಪ್ಪ, ಗುಂಪಿನ ಮುಂದೆ ನಿಂತು.

ಸಭೆಯ ಒಬ್ಬ ಸದಸ್ಯರು ಮೂಗು ಮುರಿದರು. "ಎಮ್ಮೆ ಹುಡುಕೋಕೆ ಬಾಗಿಲು ತೆಗೆದವರನ್ನ ನೋಟಿನ ಮೇಲೆ ಹಾಕೋದಾ? ನಾಳೆ ಹಸು ಕಳ್ಕೊಂಡೋರೂ ಬರ್ತಾರೆ."

ಸೋಮಶೇಖರಯ್ಯನವರು ನೋಟನ್ನು ದೀಪದ ಹತ್ತಿರಕ್ಕೆ ತಂದು ಮತ್ತೊಮ್ಮೆ ನೋಡಿದರು. "ತೆಗೆದದ್ದಕ್ಕಲ್ಲಪ್ಪ ಹಾಕ್ತಿರೋದು. ಮುಚ್ಚದೆ ಇದ್ದದ್ದಕ್ಕೆ" ಎಂದರು. ಅಲ್ಲಿಗೆ ಮುಗಿಯಿತು. ಆ ಕ್ಷಣದಲ್ಲಿ ಎದ್ದ ಸಿಳ್ಳೆಗಳನ್ನು ಕೇಳಿದ್ದರೆ ಅಜ್ಜಿ ತಾವೂ ಒಂದು ಸೇರಿಸುತ್ತಿದ್ದರು.

ಈಗ ಅವರು ಎಲ್ಲರ ಕೈಯಲ್ಲೂ ಇದ್ದಾರೆ. ಪಾಠದ ವಾಕ್ಯವನ್ನು ನಾನು ತಿದ್ದಿಲ್ಲ. ಅದು ಪುಸ್ತಕದಲ್ಲಿ ಚೆನ್ನಾಗಿಯೇ ಇದೆ. ಆದರೆ ಬೆಳಗಾದರೆ ಸಂತೆಗೆ ಹೋಗುವುದು ಬಿಟ್ಟಿಲ್ಲ, ಏಕೆಂದರೆ ಈ ಊರಿನವರ ಬಾಯಿ ನನಗೆ ಗೊತ್ತು. ಮೊನ್ನೆ ಯಾರೋ ಅವತ್ತು ಎಮ್ಮೆಯ ಜೊತೆ ಕರುವೂ ಇತ್ತೆಂದರಂತೆ; ಕೆಲವು ನೋಟುಗಳ ಅಂಚಿನಲ್ಲಿ ಆಗಲೇ ಒಂದು ಪುಟ್ಟ ಮೂತಿ ಇಣುಕುತ್ತಿತ್ತು. ಅಂಗಡಿ ಅಂಗಡಿಗೆ ಹೋಗಿ, ಕರು ಜೊತೆಗಿರಲಿಲ್ಲವೆಂದು ಹೇಳಿ, ಅದನ್ನು ಒಳಗೆ ಕಳಿಸಿ ಬಂದೆ.

ಒಂದು ವಿಷಯವನ್ನು ಮಾತ್ರ ನಾನು ಯಾರಿಗೂ ತೋರಿಸಿಲ್ಲ, ಅವರೇ ನೋಡಿಕೊಳ್ಳಲಿ ಎಂದು ಬಿಟ್ಟಿದ್ದೇನೆ. ಸಭಾಭವನದ ಚಿತ್ರದಲ್ಲಿ ಅಜ್ಜಿ ನಮ್ಮನ್ನು ನೇರವಾಗಿ ನೋಡುತ್ತಾರೆ. ನೋಟಿನಲ್ಲಿ ಬಂದ ಕಣ್ಣು ನಮ್ಮನ್ನು ನೋಡುವುದಿಲ್ಲ. ಅದು ಓರೆಯಾಗಿ ಆ ಕೊಂಬುಗಳ ಕಡೆ ತಿರುಗಿದೆ, ಹಾಲೆಲ್ಲಿ ಹೋಯಿತೆಂದು ಎಮ್ಮೆಯನ್ನೇ ಕೇಳುತ್ತಿರುವ ಹಾಗೆ. ಅದಕ್ಕೇ ರಾಚಪ್ಪನ ಅಂಗಡಿಯಲ್ಲಿ ನೋಟು ಕೊಡುವಾಗ ನಾನು ಪ್ರತಿ ಸಲವೂ ಒಂದೇ ಮಾತು ಹೇಳುತ್ತೇನೆ, ಅದು ಇನ್ನೂ ಸವೆದಿಲ್ಲ: "ಅಜ್ಜಿ, ಹಾಲು ಇಲ್ಲಿದೆ ನೋಡಿ."